‘ಡಾ.’ ಕೆರೆದು ತೆಗೆದ ಬಾಯಾರು

ಹೋದ ತಿಂಗಳು ಮನೆಯ ಗೇಟಿಗೆ ಬಣ್ಣ ಹೊಡೆಸಿದೆ. ಆಯಿಲ್ ಪೇಂಟಿನ, ಟರ್ಪಂಟೈನಿನ ಆ ಖಾರ ವಾಸನೆ ಪಡಸಾಲೆಯವರೆಗೆ ಬಂತು ನೋಡಿ, ಕೈಯಲ್ಲಿದ್ದ ಚಹಾ ಹಾಗೇ ಆರಿಹೋಯಿತು. ಈಗಿನ ಬೋರ್ಡುಗಳೆಲ್ಲ ಪ್ಲಾಸ್ಟಿಕ್ಕಿನವು. ಅವಕ್ಕೆ ವಾಸನೆಯೂ ಇಲ್ಲ, ಬರೆದವನ ಕೈಯ ಗುರುತೂ ಇಲ್ಲ. ನನಗೆ ನೆನಪಾದದ್ದು ಎಂಬತ್ತರ ದಶಕದ ಕೊನೆಯಲ್ಲಿ ನಿಪ್ಪಾಣಿಯ ನಮ್ಮ ಮನೆಯ ಗೋಡೆಗೆ ತೂಗಿದ್ದ ಒಂದು ಬೋರ್ಡು, ಮತ್ತು ಅದರ ಒಡತಿ...

ನಮ್ಮದು ತಂಬಾಕಿನ ವ್ಯಾಪಾರದ ಮನೆ. ಮಾಳಿಗೆಯ ಮೇಲಿನ ಎರಡು ಖೋಲಿಗಳನ್ನು ಅಪ್ಪ ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿಗೆ ಬಂದವರು ಧಾರವಾಡದ ಕಡೆಯ ಒಬ್ಬ ಹೆಣ್ಣುಮಗಳು. ವಯಸ್ಸು ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿ, ಆಮೇಲೆ ದೊಡ್ಡ ಊರಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ರೋಗಿಗಳ ನಡುವೆ ತರಬೇತಿ ಪಡೆದು ಬಂದಿದ್ದರು. ಕಲಿತ ಹೆಣ್ಣುಮಕ್ಕಳನ್ನು ನಮ್ಮ ಕಡೆ ಗೌರವದಿಂದ ಬಾಯಾರು ಎನ್ನುವುದು ರೂಢಿ, ನಾವು ಅವರನ್ನು ಮೇಲಿನ ಬಾಯಾರು ಎನ್ನುತ್ತಿದ್ದೆವು. ಊರು ಮಾತ್ರ ಮೊದಲ ದಿನದಿಂದಲೇ ಡಾಕ್ಟರ್ ಬಾಯಿ ಎಂದಿತು.

ಬೋರ್ಡು ಬರೆಯಲು ಬಂದ ಪೇಂಟರ್ ಮರ್ಯಾದಸ್ಥ. ಯಾರೂ ಹೇಳದಿದ್ದರೂ ಹೆಸರಿನ ಮುಂದೆ ತಾನೇ ಒಂದು ‘ಡಾ.’ ಸೇರಿಸಿ ಕೆಂಪು ಬಣ್ಣದಲ್ಲಿ ಬರೆದುಬಿಟ್ಟ, ಕಲಿತ ಹೆಣ್ಣುಮಗಳಿಗೆ ಕಡಿಮೆಯಾಗಬಾರದೆಂದು. ಬಾಯಾರು ಅವನಿಗೆ ಚಹಾ ಕೊಟ್ಟು ಕಳಿಸಿ, ಸ್ಟೂಲು ಹತ್ತಿ, ಹಸಿ ಬಣ್ಣವನ್ನು ಟರ್ಪಂಟೈನ್ ಅರಿವೆಯಿಂದ ಒರೆಸಿ, ಉಳಿದದ್ದನ್ನು ಬ್ಲೇಡಿನಿಂದ ಕೆರೆದು ತೆಗೆದರು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಯಾಕೆ ಎಂದು ಕೇಳಿದ್ದಕ್ಕೆ ಬಿಡಿಸಿ ಹೇಳಿದರು: ಎಂ.ಬಿ.ಬಿ.ಎಸ್. ಮುಗಿಸಿ, ಮೇಲೆ ಮನಸ್ಸಿನ ಕಾಯಿಲೆಗಳನ್ನೇ ಓದಿದವರು ಮನೋವೈದ್ಯರು, ಔಷಧ ಬರೆಯುವವರು ಅವರು. ತಾವು ಮನಃಶಾಸ್ತ್ರ ಓದಿದವರು, ಪರೀಕ್ಷೆ ಮಾಡುತ್ತಾರೆ, ಮಾತಾಡಿಸಿ ಮನಸ್ಸಿನ ಭಾರ ಇಳಿಸುತ್ತಾರೆ, ಔಷಧ ಬರೆಯುವ ಹಾಗಿಲ್ಲ. ನನಗೆ ತಿಳಿಯಿತು, ಊರಿಗೆ ತಿಳಿಯಲಿಲ್ಲ. ಬಂದವರು ಕುರ್ಚಿಯಲ್ಲಿ ಕುಳಿತ ಕೂಡಲೇ ತೋಳು ಮೇಲೇರಿಸಿ ಇಂಜೆಕ್ಷನ್ನಿಗೆ ಕೈ ಚಾಚುತ್ತಿದ್ದರು. ಸೂಜಿ ಚುಚ್ಚದ ಡಾಕ್ಟರ್ ಎಂಥ ಡಾಕ್ಟರ್! ನಮ್ಮವ್ವನದೂ ಅದೇ ರಾಗ: ಬರೀ ಮಾತಾಡಲಿಕ್ಕೆ ಖೋಲಿ ಯಾಕೆ ಬೇಕು, ನಮ್ಮ ಕಟ್ಟೆ ಇಲ್ಲವೇ ಎಂದು.

ಮರುವರ್ಷ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಹಡೆದಳು. ತವರೂರಾದ ಸತ್ತಿಯಲ್ಲಿ ಬಾಣಂತನ ಮುಗಿಸಿ ಕೂಸಿನೊಂದಿಗೆ ಬಂದವಳು ನಮ್ಮ ವೈನಿಯೇ ಅಲ್ಲ. ನಿದ್ದೆಯಿಲ್ಲ, ಊಟವಿಲ್ಲ, ಕೂಸು ಅತ್ತರೆ ಗೋಡೆ ನೋಡುತ್ತಾ ಕೂರುವುದು. ದೃಷ್ಟಿ ತೆಗೆದದ್ದಾಯಿತು, ಹರಕೆ ಹೊತ್ತದ್ದಾಯಿತು. ಮಾಳಿಗೆಯ ಮೇಲೇ ಬಾಯಾರು ಇದ್ದರು, ಆದರೆ ಹಿತ್ತಲ ಗಿಡ ಮದ್ದಲ್ಲ ನೋಡಿ! ಅಪ್ಪ ಅವಳನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಒಬ್ಬನ ಬಳಿ ಕರೆದೊಯ್ದರು. ಅವನು ಏನು ಓದಿದ್ದನೋ ದೇವರಿಗೇ ಗೊತ್ತು. ಬೋರ್ಡಿನ ಮೇಲಿನ ‘ಡಾ.’ ಮಾತ್ರ ಗೇಣುದ್ದ ಇತ್ತು. ಮೆದುಳಿಗೆ ಶಕ್ತಿ ಸಾಲದು ಎಂದು ಟಾನಿಕ್ ಕೊಟ್ಟ. ಆ ಬಾಟಲಿ ಮುಗಿಯುವುದರೊಳಗೆ ಒಂದು ಮಧ್ಯಾಹ್ನ ವೈನಿ ಕೂಸನ್ನು ಅವ್ವನ ಉಡಿಯಲ್ಲಿ ಹಾಕಿ, ಇದು ನನ್ನ ಹತ್ತಿರ ಇದ್ದರೆ ಉಳಿಯುವುದಿಲ್ಲ, ನಾನೂ ಉಳಿಯುವುದಿಲ್ಲ ಎಂದು ಹೇಳಿ ಹಿತ್ತಲ ಬಾವಿಯ ಕಡೆ ನಡೆದಳು. ಓಡಿಹೋಗಿ ಹಿಡಿದು ತಂದೆವು. ಅವ್ವ ಕೂಸನ್ನು ಎತ್ತಿಕೊಂಡೇ ಮಾಳಿಗೆಯ ಮೆಟ್ಟಿಲು ಹತ್ತಿದಳು.

ಬಾಯಾರು ವೈನಿಯೊಂದಿಗೆ ಬಾಗಿಲು ಮುಚ್ಚಿಕೊಂಡು ಬಹಳ ಹೊತ್ತು ಕುಳಿತಿದ್ದರು. ಹೊರಗೆ ಬಂದು, ಇದು ಬಾಣಂತಿಯರಿಗೆ ಬರುವ ಮನಸ್ಸಿನ ಕಾಯಿಲೆ, ದೆವ್ವವಲ್ಲ, ಸೊಕ್ಕೂ ಅಲ್ಲ. ಈಗ ಮಾತೊಂದೇ ಸಾಲದು, ಔಷಧ ಬೇಕು, ಇವತ್ತೇ ಮಿರಜಿನ ಮನೋವೈದ್ಯರ ಬಳಿ ಹೋಗಬೇಕು ಎಂದರು. ಅಪ್ಪನ ಮುಖ ಇಳಿಯಿತು. ಮಿರಜಿನ ಆಸ್ಪತ್ರೆಗಳಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದೇ ಇರುತ್ತಾರೆ. ಸೊಸೆಗೆ ಹುಚ್ಚು ಎಂಬ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟುತ್ತದೆ.

“ನೀವ ಎರಡ ಗುಳಗಿ ಬರದ ಕೊಡ್ರಿ ಬಾಯಾರ. ಮನ್ಯಾಗಿಂದ ಮನ್ಯಾಗ ಮುಗೀತೈತಿ,” ಎಂದು ಅಪ್ಪ ಕೈಮುಗಿದರು. ಬಸದಿಯಲ್ಲಿ ಬಿಟ್ಟರೆ ಅವರು ಯಾರಿಗಾದರೂ ಹಾಗೆ ಕೈಮುಗಿದದ್ದನ್ನು ನಾನು ಅಂದೇ ನೋಡಿದ್ದು.

“ನಾ ಅದನ್ನ ಕಲತಿಲ್ರಿ,” ಎಂದರು ಬಾಯಾರು. “ಕಲೀಲಾರದ್ದನ್ನ ಮಾಡಿದ್ರ ನಿಮ್ಮ ಮಾನ ಉಳೀಬಹುದು, ಈ ಹುಡಿಗಿ ಉಳಿಯಾಂಗಿಲ್ಲ. ನಡೀರಿ, ನಾನೂ ಬರತೀನಿ.”

ಬಂದರು. ಬಾಡಿಗೆ ಜೀಪಿನಲ್ಲಿ ದಾರಿಯುದ್ದಕ್ಕೂ ವೈನಿಯ ಕೈ ಹಿಡಿದುಕೊಂಡೇ ಕುಳಿತಿದ್ದರು... ಮಿರಜಿನ ಡಾಕ್ಟರರು ಔಷಧ ಶುರು ಮಾಡಿ ಕೆಲವು ದಿನ ಅಲ್ಲೇ ಇರಿಸಿಕೊಂಡರು. ತಿರುಗಿ ಬಂದ ಮೇಲೆ ವೈನಿ ಗುಳಿಗೆ ನುಂಗುತ್ತಾ, ವಾರಕ್ಕೊಮ್ಮೆ ಮಾಳಿಗೆ ಹತ್ತಿ ಬಾಯಾರ ಮುಂದೆ ಕೂರತೊಡಗಿದಳು. ಹೊಸ ತಂಬಾಕು ಮನೆಗೆ ಬರುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ತಾನಾಗಿ ಕೂಸಿಗೆ ನೀರು ಎರೆದು, ಕಾಡಿಗೆ ಹಚ್ಚಿದಳು. ಅವ್ವ ಒಲೆಯ ಮುಂದೆ ಕುಳಿತು ಅತ್ತಳು.

ಆದರೆ ಊರ ಬಾಯಿ ಮುಚ್ಚುವವರು ಯಾರು? ಮನೆ ಮಾಲೀಕರ ಸೊಸೆಯನ್ನೇ ನೆಟ್ಟಗೆ ಮಾಡಲಾಗದೆ ಮಿರಜಿಗೆ ಹೊತ್ತುಕೊಂಡು ಹೋದಳಂತೆ, ಇವಳೆಂಥ ಡಾಕ್ಟರ್ ಎಂದರು. ಎಂದೂ ಡಾಕ್ಟರ್ ಎಂದು ಹೇಳಿಕೊಳ್ಳದವರಿಗೆ ಈ ಮಾತು! ಮೆಟ್ಟಿಲ ಬಳಿಯ ಚಪ್ಪಲಿಗಳು ಕಡಿಮೆಯಾಗುತ್ತಾ ಬಂದವು. ಒಮ್ಮೆ ಅಪ್ಪನೇ ಮೇಲೆ ಹೋಗಿ, ಬೋರ್ಡಿಗೆ ‘ಡಾ.’ ಹಾಕಿಸಿಬಿಡಿ, ಸರ್ಟಿಫಿಕೇಟು ಯಾರು ಕೇಳುತ್ತಾರೆ ಎಂದು ಅಂಗಲಾಚಿದರು. ಬಾಯಾರು ನಕ್ಕು, ಅವರಿಗೂ ಚಹಾ ಕೊಟ್ಟು ಕಳಿಸಿದರಂತೆ. ತೊಂಬತ್ತರ ದಶಕ ಶುರುವಾಗುವಾಗ ದೂರದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಹಿಡಿದು ಹೊರಟುಹೋದರು. ಅಂದು ನನಗೆ ಊರಿನ ಮೇಲೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಗೇಟಿಗೆ ಬಣ್ಣ ಹೊಡೆಸಿದ ಆ ದಿನ ನೆನಪು ಸುಮ್ಮನಿರಗೊಡಲಿಲ್ಲ. ಬಾಯಾರು ಪಾಠ ಹೇಳುತ್ತಿದ್ದ ಕಾಲೇಜಿಗೆ ಫೋನು ಮಾಡಿ ವಿಚಾರಿಸಿದೆ. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು, ಹೋದ ಬೇಸಿಗೆಯಲ್ಲಿ ತೀರಿಕೊಂಡರು ಎಂದರು. ಎಷ್ಟು ತಡಮಾಡಿ ಕೇಳಿದೆನಲ್ಲ...

ನಿಪ್ಪಾಣಿಗೆ ಹೋಗಿ ವೈನಿಗೆ ಹೇಳಿದೆ. ಅವಳೀಗ ಮೊಮ್ಮಕ್ಕಳನ್ನು ಕಂಡವಳು. ಮೆಂತೆ ಪಲ್ಲೆ ಸೋಸುತ್ತಿದ್ದವಳು ಕೈ ಝಾಡಿಸಿಕೊಂಡು ಎದ್ದು ಬಚ್ಚಲಿಗೆ ಹೋದಳು. ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು ಕೇಳಿತು. ಸಾವಿನ ಸುದ್ದಿ ಮುಟ್ಟಿದಾಗ ನಮ್ಮಲ್ಲಿ ಹಾಗೆ ತಲೆಗೆ ನೀರು ಹಾಕಿಕೊಳ್ಳುವುದು ಸ್ವಂತ ಬಳಗಕ್ಕೆ ಮಾತ್ರ. ಒದ್ದೆ ಕೂದಲಲ್ಲಿ ಬಂದು ಕುಳಿತವಳನ್ನು, ಆ ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡು ಅವರು ನಿನಗೆ ಏನು ಹೇಳಿದರು ಎಂದು ಇಷ್ಟು ವರ್ಷಗಳ ಮೇಲೆ ಕೇಳಿದೆ.

“ಏನೂ ಹೇಳಲಿಲ್ಲ. ಕೂಸು ಬ್ಯಾಡ ಅನಸತೈತೇನವಾ ಅಂತ ಕೇಳಿದ್ರು. ಹೂಂ ಅಂದ್ನಿ. ತಾಯಿ ಆಗಿ ಹಿಂಗ ಅಂತೀಯಲ್ಲಾ ಅನ್ನಲಿಲ್ಲ ನೋಡು... ಅವರೊಬ್ಬರ ಅನ್ನಲಿಲ್ಲ.”

ನಾನೂ ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡೆ.