ಎಲೆಯಡಿಕೆ ಕಾಂಫುಯ್‌ನ ಮಂಡಿಗಳು

ಲಾವೋಸ್ ದೇಶದ ಲುವಾಂಗ್ ಪ್ರಬಾಂಗಿನ ಅರಮನೆಯಲ್ಲಿ ಇಪ್ಪತ್ತೆಂಟು ವರ್ಷ ಎಲೆಯಡಿಕೆ ತಟ್ಟೆ ಹಿಡಿದ ಕಾಂಫುಯ್‌ಗೆ, ರಾಜ್ಯಭಾರದ ಅರ್ಧ ಹೊರೆ ತನ್ನ ಕೈಯಲ್ಲೇ ಇದೆಯೆಂಬ ನಂಬಿಕೆಯಿತ್ತು. ಉಳಿದರ್ಧವನ್ನು ರಾಜರು ನೋಡಿಕೊಳ್ಳುತ್ತಿದ್ದರು. ಅವರ ತಲೆಗಿಂತ ಯಾರ ತಲೆಯೂ ಮೇಲಿರಕೂಡದು. ಹಾಗಾಗಿ ಕಾಂಫುಯ್ ಅಲ್ಲಿ ನಡೆದದ್ದಕ್ಕಿಂತ ಮಂಡಿಯಲ್ಲಿ ತೆವಳಿದ್ದೇ ಹೆಚ್ಚು.

1975ರ ಡಿಸೆಂಬರಿನಲ್ಲಿ ರಾಜರು ಸಿಂಹಾಸನ ಬಿಟ್ಟರೆಂದು ರೇಡಿಯೊ ಹೇಳಿತು. ಒಬ್ಬರನ್ನೊಬ್ಬರು ‘ಸಂಗಾತಿ’ ಎಂದು ಕರೆದುಕೊಳ್ಳುವ ಹಸಿರು ಟೋಪಿಯ ಕಮ್ಯುನಿಸ್ಟರು ಶಾಲೆಯಲ್ಲಿ ಮೇಜು ಹಾಕಿ ಜನರ ಹೆಸರು ಬರೆಯತೊಡಗಿದರು. ಬಗ್ಗುವುದು, ಕೈಮುಗಿಯುವುದು ಇನ್ನು ಯಾರಿಗೂ ಸಲ್ಲದು. ಅರಮನೆಯ ವಾಸನೆ ಹತ್ತಿದವರಿಗೆ ಉತ್ತರದ ಕಾಡಿನಲ್ಲಿ ಹೊಸ ಪಾಠವಂತೆ. ಹೋದವರು ಯಾರೂ ಇನ್ನೂ ಪಾಸಾಗಿ ಬಂದಿರಲಿಲ್ಲ.

"ಪಾತ್ರೆ ತೊಳೀತಿದ್ದೆ ಅನ್ನಿ," ಎಂದಳು ಅಂಗಳದಲ್ಲಿ ಶಾವಿಗೆ ಸಾರು ಮಾರುವ ಹೆಂಡತಿ ಚಾನ್‌ಪೆಂಗ್.

"ನಾನಾ? ಪಾತ್ರೇನಾ?"

"ನಿಮ್ ದೊಡ್ಡಸ್ತಿಕೆ ಕಾಡಿನ ಸೊಳ್ಳೆಗೆ ಗೊತ್ತಾಗಲ್ಲ. ನೆಟ್ಟಗೆ ನಿಂತ್ಕೊಳ್ಳಿ."

ತಾಲೀಮಿಗೆಂದು ಅವಳೇ ಟೋಪಿ ಹಾಕಿಕೊಂಡು ಸಂಗಾತಿಯಾದಳು. ಕಾಂಫುಯ್‌ನ ಮಂಡಿ ಮಡಿಚಿದಾಗಲೆಲ್ಲ ಸೌಟಿನಿಂದ ಬಾರಿಸಿದಳು.

ಶಾಲೆಯ ಸಾಲಿನಲ್ಲಿ ಅವನ ಮುಂದಿದ್ದವನು ಅರಮನೆಯ ಬಾಗಿಲು ಕಾಯುತ್ತಿದ್ದ ಮುದುಕ. ಅಭ್ಯಾಸಬಲದಿಂದ ಕೈಮುಗಿದ. ಅವನನ್ನು ಹೊರಗೆ ನಿಂತ ಲಾರಿ ಹತ್ತಿಸಿದರು.

"ಅರಮನೇಲಿ ಏನ್ ಕೆಲಸ?" ಸೊಂಟದಲ್ಲಿ ಪಿಸ್ತೂಲಿದ್ದ ಸಂಗಾತಿ ಕೇಳಿದ.

"ಪಾತ್ರೆ ತೊಳೀತಿದ್ದೆ, ಸಂಗಾತಿ."

ಅಷ್ಟರಲ್ಲಿ ಮೇಜಿನಿಂದ ಪೆನ್ಸಿಲ್ ಉರುಳಿ ಬಿತ್ತು. ಸಂಗಾತಿ ಹೆಕ್ಕಲು ಬಗ್ಗಿದ. ಅವನ ತಲೆ ತನ್ನ ತಲೆಗಿಂತ ಕೆಳಗೆ ಹೋದದ್ದನ್ನು ಕಂಡದ್ದಷ್ಟೇ, ಕಾಂಫುಯ್ ನೆಲಕ್ಕೆ ಹಣೆ ಹಚ್ಚಿ ಬಿದ್ದಿದ್ದ.

"ಪಾತ್ರೆ ತೊಳೆಯೋರು ಹೀಗೆ ಬೀಳ್ತಾರಾ?"

ಕಾಂಫುಯ್ ಮಂಡಿಯಲ್ಲೇ ಇದ್ದು ತಲೆ ಎತ್ತಿದ.

ಪೆನ್ಸಿಲ್ ಕಾಂಫುಯ್‌ನ ಆಚೆಗೆ ಉರುಳಿತ್ತು. ಸಂಗಾತಿ ಎದ್ದು ಬಂದ. ಬಂದವನು ಕಾಂಫುಯ್‌ನ ಮುಂದೆ ಹಾಯುವಾಗ, ಹಿರಿಯರ ಮುಂದೆ ಬಗ್ಗಿ ನಡೆಯಬೇಕೆಂದು ತಾಯಿ ಎಳವೆಯಲ್ಲೇ ಕಲಿಸಿದಂತೆ, ಬೆನ್ನು ಪೂರ್ತಿ ಬಗ್ಗಿಸಿ, ಬಲಗೈ ಕೆಳಗಿಳಿಸಿ, "ಸ್ವಲ್ಪ ಜಾಗ ಬಿಡಿ, ದೊಡ್ಡಪ್ಪ," ಅಂದುಬಿಟ್ಟ.

ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿ ಸೇರಿದವು. ಸಂಗಾತಿಯ ಮುಖ ಬಿಳಿಚಿತು. ಬಾಗಿಲಲ್ಲಿ ಅವನ ಮೇಲಧಿಕಾರಿ ಸಿಗರೇಟು ಸೇದುತ್ತ ಬೆನ್ನುಹಾಕಿ ನಿಂತಿದ್ದ.

"ನಾನು ಪೆನ್ಸಿಲ್ ಹುಡುಕ್ತಿದ್ದೆ," ಸಂಗಾತಿ ಪಿಸುಗುಟ್ಟಿದ.

"ನಾನೂ ಅಷ್ಟೇ," ಅಂದ ಕಾಂಫುಯ್.

ಸಂಗಾತಿ ಗಡಿಬಿಡಿಯಿಂದ ಬರೆದುಕೊಂಡ: ಪಾತ್ರೆ ತೊಳೆಯುವವ.

ಮನೆಯಲ್ಲಿ ಚಾನ್‌ಪೆಂಗ್ ಕೇಳಿದಳು, "ನೆಟ್ಟಗೆ ನಿಂತ್ರಾ?"

ಕಾಂಫುಯ್ ಸಾರಿನ ಪಾತ್ರೆಗಳನ್ನೆಲ್ಲ ಬೀದಿಗೆ ಕಾಣುವಂತೆ ಹೊಸ್ತಿಲಾಚೆ ಎಳೆದು, ಬೂದಿ ಹಚ್ಚಿ ಉಜ್ಜತೊಡಗಿದ.

"ಬೂದಿ ಜಾಸ್ತಿ ಹಾಕಿ," ಎಂದಳವಳು ಮೆಲ್ಲಗೆ. "ಹೊಸಬ ಅಂತ ಗೊತ್ತಾಗ್ತಿದೆ."