ಯೂಜಿನ್‌ನ ಹಾಸ್ಟೆಲ್, ವೆನಿಟಾಳ ಶರತ್ತು

ದೋಹಾದ ಕಂಪೆನಿಯೊಂದರಲ್ಲಿ ಗುಮಾಸ್ತನಾಗಿರುವ ಯೂಜಿನ್‌ಗೆ ಯಾರಿಗೂ ಇಲ್ಲ ಎನ್ನಲು ಬಾರದು. ಹಾಗಾಗಿ ಮಂಗಳೂರು ಕಡೆಯ ಅವನ ಹಳೆಯ ಕಾಲೇಜಿನ ಪ್ರಿನ್ಸಿಪಾಲರು ಫೋನ್ ಮಾಡಿ, "ಹಾಸ್ಟೆಲಿನ ಮಾಡು ಕುಸಿಯುತ್ತಾ ಬಂದಿದೆ. ಹಿಂದಿನ ಕಟ್ಟಡಕ್ಕೆ ಬೀಗ ಹಾಕಿದ್ದೇವೆ. ಕತಾರಿನಲ್ಲಿರುವ ನಮ್ಮ ಹುಡುಗರನ್ನು ನೀವೇ ಒಟ್ಟು ಮಾಡಬೇಕು" ಎಂದಾಗ, ಆಯಿತು ಸರ್ ಎಂದುಬಿಟ್ಟ.

ಮೊದಲ ಸಭೆ ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್‌ನ ಒಂದು ಹೋಟೆಲಿನಲ್ಲಿ ನಡೆಯಿತು. ದೂರದ ಅಲ್ ಶಮಾಲ್‌ನಿಂದಲೂ ಜನ ಬಂದರು. ವಾರ್ಡನ್ನರ ನಡಿಗೆಯನ್ನು ನಟಿಸಿ ತೋರಿಸಿದರು, ಮೆಸ್ಸಿನ ಸಾಂಬಾರನ್ನು ಮನಸಾರೆ ಬೈದರು, ಹೊಟ್ಟೆ ತುಂಬ ಕಬಾಬ್ ತಿಂದರು. ರಿಪೇರಿಯ ದುಡ್ಡಿನ ಮಾತೆತ್ತಿದ ಕೂಡಲೇ ಒಬ್ಬೊಬ್ಬರಿಗೂ ಒಂದೊಂದು ತುರ್ತು ಕೆಲಸ ನೆನಪಾಯಿತು.

"ನೋಡುವ ಮಾರಾಯ, ಇನ್‌ಶಾ ಅಲ್ಲಾ" ಎಂದು ಬೆನ್ನು ತಟ್ಟಿ ಹೋದರು. ಆಮೇಲೆ ವಾಟ್ಸಾಪ್ ಗುಂಪಿಗೆ ಸಾಲುಸಾಲಾಗಿ ಹೆಬ್ಬೆರಳುಗಳು ಬಂದವು. ಬೇರೇನೂ ಬರಲಿಲ್ಲ.

ಯೂಜಿನ್ ಸೋಲೊಪ್ಪಲಿಲ್ಲ. ಒಂದು ಶುಕ್ರವಾರ ಅಲ್ ಅಜೀಜಿಯಾದ ತನ್ನ ಫ್ಲ್ಯಾಟಿಗೆ ಇಬ್ಬರನ್ನೇ ಊಟಕ್ಕೆ ಕರೆದ. ಒಬ್ಬರು ದೊರೆಸ್ವಾಮಿ, ಹಾಸ್ಟೆಲಿನಲ್ಲಿ ಇವನಿಗೆ ಸೀನಿಯರ್, ಮೈಸೂರಿನವರು, ಈಗ ಸಿವಿಲ್ ಎಂಜಿನಿಯರ್. ಇನ್ನೊಬ್ಬ ಅನ್ಸಾಫ್, ಯೂಜಿನ್‌ನ ಓರಗೆಯವನು, ಸೂಪರ್‌ಮಾರ್ಕೆಟ್ ನಡೆಸುವವನು. ಊಟದ ಮೇಲೆ ದೊರೆಸ್ವಾಮಿ ಹೊಸ ಮಾಡಿನ ನಕ್ಷೆ ಹರಡಿದರು.

ಯೂಜಿನ್‌ನ ಹೆಂಡತಿ ವೆನಿಟಾ ಚಹಾ ತಂದವಳು ನಿಂತು ನೋಡಿದಳು. ಅವಳೂ ಅದೇ ಕಾಲೇಜಿನಲ್ಲಿ ಓದಿದವಳು.

"ಇದರಲ್ಲಿ ಹುಡುಗಿಯರಿಗೆ ಎಂತ ಉಂಟು? ಏನೂ ಇಲ್ಲದಿದ್ರೆ ಈ ಮನೆಯಿಂದ ಒಂದು ರಿಯಾಲೂ ಇಲ್ಲ."

"ಅದು ಬಾಯ್ಸ್ ಹಾಸ್ಟೆಲ್ ಅಲ್ವಾ?" ಎಂದ ಯೂಜಿನ್.

"ಹೌದು. ಅದಕ್ಕೇ ನಾವು ಎರಡೆರಡು ಬಸ್ ಹಿಡಿದು ಬರ್ತಿದ್ದದ್ದು. ನಮ್ಮ ಕ್ಲಾಸಿನ ಟ್ರೀಸಾ ನನಗಿಂತ ಹುಷಾರಿದ್ದಳು. ಅವಳ ಊರಿನ ಸಂಜೆ ಬಸ್ ನಿಂತಿತು, ಕಾಲೇಜೂ ನಿಂತಿತು. ನೀವು ಮೆಸ್ಸಿನ ಸಾಂಬಾರಿಗೆ ಬೈತೀರಿ. ನಮಗೆ ಆ ಸಾಂಬಾರೂ ಸಿಗ್ಲಿಲ್ಲ."

ಟ್ರೀಸಾ ಎಂಬ ಹುಡುಗಿ ತರಗತಿಯಲ್ಲಿ ಇದ್ದದ್ದು ಯೂಜಿನ್‌ಗೆ ಮಸುಕಾಗಿ ನೆನಪಿತ್ತು. ಅವಳು ಯಾಕೆ ಬರುವುದು ನಿಲ್ಲಿಸಿದಳೆಂದು ಅವನು ಯಾವತ್ತೂ ಕೇಳಿರಲಿಲ್ಲ.

ಅನ್ಸಾಫ್ ಚಹಾದ ಲೋಟ ಕೆಳಗಿಟ್ಟ. "ನನ್ನ ಮಗಳದ್ದು ಬರುವ ವರ್ಷ ಇಲ್ಲಿ ಸ್ಕೂಲ್ ಖಲಾಸ್. ಡಿಗ್ರಿಗೆ ಊರಿಗೆ ಕಳಿಸ್ಬೇಕು. ಎಲ್ಲಿ ಇಡುವುದು ಅಂತ ನನಗೂ ನಿದ್ದೆ ಇಲ್ಲ."

ದೊರೆಸ್ವಾಮಿ ಪೆನ್ಸಿಲ್ ತೆಗೆದರು. "ಹಿಂದಿನ ಕಟ್ಟಡಾನ ಹುಡುಗೀರಿಗೆ ಅಂತ ಬೇರೆ ಮಾಡ್ಬಹುದು ಕಣ್ರೀ. ಗೇಟು ಆ ಕಡೆಯಿಂದ, ನಡುವೆ ಗೋಡೆ."

ಹೊಸ ಯೋಜನೆ ಗುಂಪಿಗೆ ಹೋದಾಗ ಕೆಲವರು ಸಿಟ್ಟಾಗಿ ಗುಂಪನ್ನೇ ಬಿಟ್ಟರು. ನಮ್ಮ ನೆನಪುಗಳನ್ನು ಹಾಳುಮಾಡುತ್ತೀರಿ ಎಂದು ಒಬ್ಬನಂತೂ ಫೋನಿನಲ್ಲೇ ಕೂಗಾಡಿದ. ಆದರೆ ವೆನಿಟಾ ತನ್ನ ಗೆಳತಿಯರಿಗೆ ಹೇಳಿದಳು, ಅವರು ಕುವೈತ್, ಬಹ್ರೇನಿನವರಿಗೆ ಹೇಳಿದರು. ಇಷ್ಟು ವರ್ಷ ಯಾರೂ ಏನೂ ಕೇಳದಿದ್ದ ಹೆಂಗಸರು ಒಬ್ಬರಾದ ಮೇಲೊಬ್ಬರು ಮುಂದೆ ಬಂದರು. ಹೆಣ್ಣುಮಕ್ಕಳ ಅಪ್ಪಂದಿರೂ ಸೇರಿಕೊಂಡರು. ಕಾಲೇಜಿನ ಆಡಳಿತ ಮಂಡಳಿಯನ್ನು ಒಪ್ಪಿಸುವಷ್ಟರಲ್ಲಿ ಮಾತ್ರ ಯೂಜಿನ್‌ನ ಗಂಟಲು ಒಣಗಿತ್ತು.

ಕಟ್ಟಡದ ಕೆಲಸ ಮುಗಿದ ಮೇಲಿನ ರಜೆಯಲ್ಲಿ ಗಂಡಹೆಂಡತಿ ನೋಡಲು ಹೋದರು. ಹುಡುಗಿಯರು ಆಗಲೇ ಬಂದು ತುಂಬಿಕೊಂಡಿದ್ದರು. ಯೂಜಿನ್ ಇದ್ದ ಕೋಣೆ ಈಗ ಅವರ ಕಡೆ. ಮೆಟ್ಟಿಲ ಬಳಿ ವಾರ್ಡನ್ ತಡೆದರು.

"ಗಂಡಸರು ಮೇಲೆ ಹೋಗುವ ಹಾಗಿಲ್ಲ ಸರ್."

"ನಾನು ಇದೇ ಹಾಸ್ಟೆಲಿನವನು!"

"ಗೊತ್ತುಂಟು ಸರ್. ಕೂತ್ಕೊಳ್ಳಿ."

ವೆನಿಟಾ ನಗುತ್ತಾ ಹತ್ತಿಹೋದಳು. ತುಂಬ ಹೊತ್ತು ಇಳಿಯಲಿಲ್ಲ. ಮೇಲಿನಿಂದ ಹುಡುಗಿಯರ ನಗು ಕೇಳುತ್ತಿತ್ತು. ಕೆಳಗೆ ಬೆಂಚಿನ ಮೇಲೆ ಕೂತ ಯೂಜಿನ್‌ಗೆ, ತನ್ನ ಕೋಣೆ ನೋಡಲಾಗದಿದ್ದರೂ, ಯಾಕೋ ಬಹಳ ಖುಷಿಯಾಯಿತು.

ಅವಳು ಇಳಿದು ಬಂದಾಗ, "ಹೇಗುಂಟು?" ಎಂದು ಕೇಳಿದ.

"ಚಂದ ಉಂಟು. ಆದರೆ ಬಾತ್‌ರೂಮಿನ ಚಿಲಕ ಸರಿ ಕೂತ್ಕೊಳ್ಳುವುದಿಲ್ಲ. ದೊರೆಸ್ವಾಮಿಯವರಿಗೆ ಫೋನ್ ಮಾಡು."