ನಕ್ಷೆಯಲ್ಲಿದ್ದ ಹೊಳೆದಾರಿ

“ನಿಂದರ್ರಿ, ಮುಂದ ಕಾಲಿಡಬ್ಯಾಡ್ರಿ” ಎಂಬ ಕೂಗು ಕೇಳಿದಾಗ ನಾನು ಮೊಣಕಾಲುದ್ದ ನೀರಿನಲ್ಲಿದ್ದೆ. ಸಿರುಗುಪ್ಪದ ಬಳಿ ತುಂಗಭದ್ರೆಯ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹಿರಿಯ ಹೆಂಗಸೊಬ್ಬರು ಎದ್ದು ನಿಂತಿದ್ದರು.

ಹಳೆಯ ನಕ್ಷೆ ಹಿಡಿದು ಊರೂರು ಸುತ್ತುವುದು ನನ್ನ ಹುಚ್ಚು. ಮದ್ರಾಸ್ ಪ್ರಾಂತ್ಯದ ಕಾಲದ ಆ ನಕ್ಷೆಯಲ್ಲಿ, ಆಚೆ ದಡದವರೆಗೂ ಹೊಳೆ ದಾಟುವ ದಾರಿಯನ್ನು ಚುಕ್ಕೆಗಳಲ್ಲಿ ಗುರುತಿಸಿದ್ದರು. ಅದನ್ನೇ ನಂಬಿ ಇಳಿದಿದ್ದೆ.

ನಕ್ಷೆ ತೋರಿಸಿದೆ. ಆಕೆ ಅದರತ್ತ ನೋಡಲೂ ಇಲ್ಲ. ಬಟ್ಟೆ ಒಣಹಾಕುವ ಗಳ ತಂದು, ನನ್ನ ಮುಂದೆ ಎರಡು ಹೆಜ್ಜೆ ದೂರದಲ್ಲಿ ನೀರಿಗೆ ಊರಿದರು. ಆಳೆತ್ತರದ ಗಳ ಪೂರ್ತಿ ಮುಳುಗಿತು. ಉಸುಕು ತೆಗೆದು ಆದ ಗುಂಡಿ ಅದು ಎಂದರು.

“ಇದನ್ನ ಬರದೋರು ಆಗ ನಮ್ಮಂಥೋರನ್ನ ಕೇಳೇ ಬರದಿರ್ತಾರ್ರಿ. ನೀವೂ ಒಂದ್ ಮಾತು ಕೇಳಬೇಕಿತ್ತು” ಎಂದು ಹೇಳಿ, ಕೈಹಿಡಿದು ದಡಕ್ಕೆ ಕರೆತಂದರು.

ಬಳ್ಳಾರಿಯ ಮನೆಗೆ ಬಂದು, ಆ ಚುಕ್ಕೆಗಳ ಮೇಲೆ ಪೆನ್ಸಿಲಿನಲ್ಲಿ ‘ಇಲ್ಲಿ ಗುಂಡಿ’ ಎಂದು ಬರೆದೆ. ಜೀವ ಉಳಿಸಿದವರ ಹೆಸರನ್ನೂ ಪಕ್ಕದಲ್ಲೇ ಬರೆಯೋಣವೆಂದು ಹೊರಟವನ ಕೈ ಅಲ್ಲೇ ನಿಂತಿತು. ಅದನ್ನೂ ನಾನು ಕೇಳಿರಲಿಲ್ಲ.